ಮೂರು ಗೆರೆಯ ಇಲಿಗಳು

ರಂಗೂಬಾಯಿಗೆ ಇಲಿಗಳೆಂದರೆ ಪ್ರೀತಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹದಿನೆಂಟು ವರ್ಷ, ವಾರಕ್ಕೆ ಆರು ದಿನ, ನೂರಾರು ಇಲಿಗಳ ಹಿಕ್ಕೆ ಬಳಿದವಳಿಗೆ ಪ್ರೀತಿ ಎಲ್ಲಿಂದ ಉಳಿದೀತು? ಇದ್ದದ್ದು ಕನಿಕರ, ಅದೂ ದಣಿದ ಕನಿಕರ. ಆ ದಣಿದ ಕನಿಕರವೇ ಒಬ್ಬ ಹುಡುಗಿಯ ಐದು ವರ್ಷದ ಓದನ್ನು ಮುಳುಗಿಸುವ ತನಕ ಹೋಯಿತು ಎಂದರೆ ನಗು ಬರಬಹುದು. ರಂಗೂಬಾಯಿಗಂತೂ ಬರಲಿಲ್ಲ.

ಪುಣೆಯ ಕೋಥರೂಡದ ಆಚೆ, ಗುಡ್ಡದ ಮಗ್ಗುಲಲ್ಲಿ, ಔಷಧಗಳ ಮೇಲೆ ಸಂಶೋಧನೆ ನಡೆಸುವ ಒಂದು ಸಂಸ್ಥೆಯಿದೆ. ಅದರ ಹಿಂಭಾಗದಲ್ಲಿ ಕಿಟಕಿಗಳೇ ಇಲ್ಲದ ಒಂದು ಕಟ್ಟಡ. ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾರುದ್ದದ ಹೆಸರಿದ್ದರೂ ರಂಗೂಬಾಯಿ ಅದನ್ನು ಕರೆಯುವುದು ಇಲಿಮನೆ ಎಂದೇ. ಒಳಗೆ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ. ಎಸಿ ಸದಾ ಗುಂಯ್‌ಗುಡುತ್ತದೆ, ದೀಪ ಹನ್ನೆರಡು ಗಂಟೆ ಉರಿದು ಹನ್ನೆರಡು ಗಂಟೆ ಆರುತ್ತದೆ. ಕಬ್ಬಿಣದ ಕಪಾಟುಗಳ ತುಂಬ ಪ್ಲಾಸ್ಟಿಕ್ ಡಬ್ಬಿಗಳು, ಡಬ್ಬಿಗೆ ಮೂರರಂತೆ ಬಿಳಿ ಇಲಿಗಳು, ಅವುಗಳ ಕೆಳಗೆ ಭತ್ತದ ಹೊಟ್ಟು, ಮೇಲೆ ತಂತಿಯ ಮುಚ್ಚಳ. ಹೊಟ್ಟು ಬದಲಿಸಬೇಕು, ನೀರಿನ ಬಾಟಲಿ ತೊಳೆಯಬೇಕು, ಕಾಳು ಹಾಕಬೇಕು, ಸತ್ತದ್ದನ್ನು ಎತ್ತಿ ಚೀಲಕ್ಕೆ ಹಾಕಬೇಕು. ಹನ್ನೊಂದು ತಿಂಗಳಿಗೊಮ್ಮೆ ಅವಳ ಗುತ್ತಿಗೆ ಮುಗಿಯುತ್ತಿತ್ತು. ಒಂದು ದಿನ ಮನೆಯಲ್ಲಿ ಕೂರಿಸಿ ಮರುದಿನ ಹೊಸಬಳೆಂದು ಬರೆದುಕೊಳ್ಳುತ್ತಿದ್ದರು. ಹೀಗೆ ಹದಿನೆಂಟು ವರ್ಷವೂ ಅವಳು ಹೊಸಬಳೇ.

ಅವಳು ಗೋಕಾಕದ ಕಡೆಯವಳು. ಗಂಡ ಕೃಷ್ಣಾಜಿ ಕಾರ್ಖಾನೆಯ ಕೆಲಸ ಹಿಡಿದು ಪುಣೆಗೆ ಬಂದಾಗ ಅವನ ಹಿಂದೆ ಬಂದಳು. ಬಿಬವೇವಾಡಿಯಲ್ಲಿ ಎರಡು ಖೋಲಿಯ ಮನೆ ಮಾಡಿದರು, ಮಗ ವಿಕ್ರಮ ಹುಟ್ಟಿ ಬೆಳೆದು ತಾನೂ ರಾಂಜಣಗಾಂವದ ಕಾರ್ಖಾನೆ ಸೇರಿ ಅಲ್ಲೇ ಸಂಸಾರ ಹೂಡಿದ. ಕೃಷ್ಣಾಜಿ ನಿವೃತ್ತನಾದ ಎರಡೇ ವರ್ಷಕ್ಕೆ ಮರೆವು ಹತ್ತಿತು. ಮೊದಲು ಚಪ್ಪಲಿ ಮರೆತ, ಆಮೇಲೆ ಮನೆಯ ದಾರಿ ಮರೆತ, ಆಮೇಲೆ ಊಟ ಮಾಡಿದ್ದನ್ನು ಮರೆತ. ಆಸ್ಪತ್ರೆಯಲ್ಲಿ ಎರಡು ಬಗೆಯ ಗುಳಿಗೆ ಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು. ಹಗಲು ಹೊತ್ತು ಕೆಳಗಿನ ಮನೆಯ ಲೀಲಾಕ್ಷಿ, ಖಾನಾವಳಿ ನಡೆಸುವ ಮಂಗಳೂರು ಕಡೆಯ ಹೆಂಗಸು, ಆಗಾಗ ಮೇಲೆ ಹತ್ತಿ ಬಂದು ಅವನನ್ನು ನೋಡಿ ಹೋಗುತ್ತಿದ್ದಳು.

ಬೆಳಿಗ್ಗೆ ಐದಕ್ಕೆ ನಳದ ನೀರು, ಗಂಡನ ಸ್ನಾನ, ರೊಟ್ಟಿ, ಸ್ವಾರಗೇಟಿನಲ್ಲಿ ಬದಲಿಸಬೇಕಾದ ಎರಡು ಬಸ್ಸು, ಊದಿಕೊಂಡ ಮೊಣಕಾಲು, ಇಲಿಮನೆಯ ಕಣ್ಣು ಉರಿಸುವ ವಾಸನೆ. ಒಂದೊಂದಾಗಿ ನೋಡಿದರೆ ಯಾವುದೂ ಹೊರಲಾರದ ಭಾರವಲ್ಲ. ಎಲ್ಲ ಒಟ್ಟಿಗೆ ಬಂದಾಗ ಮಾತ್ರ ಅದರ ತೂಕವೇ ಬೇರೆಯಾಗುತ್ತಿತ್ತು. ಸಂಜೆ ಏಳರ ಹೊತ್ತಿಗೆ ಮೆಟ್ಟಿಲು ಹತ್ತಿ ಬರುವಾಗ ಅವಳಲ್ಲಿ ಮಾತಿಗೂ ಶಕ್ತಿ ಉಳಿದಿರುತ್ತಿರಲಿಲ್ಲ.

ಇನ್ನು ಅವಳ ಒಂದು ರೂಢಿಯನ್ನು ಹೇಳಬೇಕು, ಏಕೆಂದರೆ ಕಥೆಯೆಲ್ಲ ಇರುವುದು ಅದರಲ್ಲೇ. ಅವಳ ತವರಿನಲ್ಲಿ ಊಟಕ್ಕೆ ಕೂತವರು ಮೊದಲ ತುತ್ತನ್ನು ಗೋಗ್ರಾಸವೆಂದು ಆಕಳಿಗೆ ತೆಗೆದಿಟ್ಟು ಉಣ್ಣುತ್ತಿದ್ದರು. ಬಿಬವೇವಾಡಿಯಲ್ಲಿ ಗುಡಿಯ ಮುಂದೆ ಒಂದು ಆಕಳು ಕಟ್ಟಿರುತ್ತಿತ್ತು, ತೊಂದರೆಯಿರಲಿಲ್ಲ. ಕೆಲಸದ ಜಾಗದಲ್ಲಿ ಆಕಳನ್ನು ಎಲ್ಲಿಂದ ತರುವುದು? ಕಾಗೆಗೆ ಇಡೋಣವೆಂದರೆ ಕಿಟಕಿಯೇ ಇಲ್ಲ. ಬಂದ ಮೊದಲ ವಾರವೇ ಅವಳು ಯೋಚಿಸಿ ತೀರ್ಮಾನಿಸಿದಳು: ಇಲಿ ಗಣಪತಿಯ ವಾಹನ, ರಾಂಜಣಗಾಂವದ ಗಣಪತಿ ತನ್ನ ಮಗನಿಗೆ ಅನ್ನ ಕೊಟ್ಟಾನು, ಅವನ ವಾಹನಕ್ಕೆ ಒಂದು ತುತ್ತು ಕೊಟ್ಟರೆ ತಪ್ಪೇನು? ಮಗ ಆಗ ಇನ್ನೂ ಶಾಲೆಯಲ್ಲಿದ್ದ, ಆದರೂ ಹರಕೆಗೆ ಮುಂಗಡ ಕೊಟ್ಟರೆ ದೇವರು ಬೇಡವೆನ್ನುವುದಿಲ್ಲ.

ಇಲಿಮನೆಯಲ್ಲಿ ಉಣ್ಣಬಾರದೆಂದು ನಿಯಮವಿತ್ತು. ಮೇಲ್ವಿಚಾರಕ ಮಧುಕರ ಮಧ್ಯಾಹ್ನ ಒಂದಕ್ಕೆ ಕ್ಯಾಂಟೀನಿಗೆ ಹೋದರೆ ಎರಡರವರೆಗೆ ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಕೊನೆಯ ಕಪಾಟಿನ ಬಳಿ ನೆಲದ ಮೇಲೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದಳು. ಜೋಳದ ರೊಟ್ಟಿಯ ಚೂರಿಗೆ ಶೇಂಗಾ ಚಟ್ನಿ ಹಚ್ಚಿ, ಯಾವುದಾದರೂ ಒಂದು ಇಲಿಯನ್ನು ಮಡಿಲಿಗೆ ತೆಗೆದುಕೊಂಡು ಅಂಗೈಯಲ್ಲಿಟ್ಟು ತಿನ್ನಿಸುತ್ತಿದ್ದಳು. ಈ ವಿಷಯ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಸುರಭಿ ಬಂದದ್ದು ಹೀಗೆ. ಒಂದು ದಿನ, ಆ ತಿಂಗಳಷ್ಟೇ ಇಲಿಮನೆಗೆ ಬರತೊಡಗಿದ್ದ ಹುಡುಗಿಯೊಬ್ಬಳು ಇಲಿಗೆ ಸೂಜಿ ಚುಚ್ಚಲು ಹೋಗಿ ಕಚ್ಚಿಸಿಕೊಂಡು "ಅಯ್ಯ ನಮ್ಮವ್ವಾ!" ಎಂದು ಕೂಗಿದಳು. ಬಾಟಲಿ ತೊಳೆಯುತ್ತಿದ್ದ ರಂಗೂಬಾಯಿ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು.

"ಕನ್ನಡದಾಕಿ ಏನವ್ವಾ ನೀ?"

"ಹೌದ್ರಿ ಮೌಶಿ, ಧಾರವಾಡದಾಕಿ. ನೀವೂ ಕನ್ನಡದವರ? ನಾ ಇಷ್ಟ ದಿನ ನಿಮ್ಮ ಜೋಡಿ ಮರಾಠಿ ಮಾತಾಡಿ ಮಾತಾಡಿ ಸುಸ್ತಾಗಿದ್ದೆ."

"ಹಂಗ ಹಿಡದರ ಕಚ್ಚದ ಏನ ಮಾಡತೈತಿ? ಬಾಲ ಜಗ್ಗಬಾರದು. ಹೊಟ್ಟಿ ಕೆಳಗ ಕೈ ಕೊಡು, ಹಿಂಗ."

ಅಂದಿನಿಂದ ಸುರಭಿ ಇಲಿಮನೆಗೆ ಬಂದಾಗಲೆಲ್ಲ ಇಬ್ಬರ ನಡುವೆ ಕನ್ನಡ. ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವ ‘ಮೌಶಿ’ ಮಾತ್ರ ಹಾಗೆಯೇ ಉಳಿಯಿತು. ಪಿಎಚ್‌ಡಿಯ ನಾಲ್ಕನೆಯ ವರ್ಷದಲ್ಲಿದ್ದ ಹುಡುಗಿ ಕೋಥರೂಡದಲ್ಲಿ ಒಂದು ಖೋಲಿ ಹಿಡಿದಿದ್ದಳು. ಕಣ್ಣಿನ ಕೆಳಗೆ ಆ ವಯಸ್ಸಿಗೆ ಬರಬಾರದ ಕಪ್ಪು. ರಂಗೂಬಾಯಿಗೆ ಅವಳನ್ನು ನೋಡಿದರೆ ತನ್ನ ದಣಿವಿಗೊಬ್ಬಳು ತಂಗಿ ಸಿಕ್ಕಂತೆ ಅನಿಸುತ್ತಿತ್ತು.

ಸುರಭಿಯ ಪ್ರಯೋಗ ಮರೆವಿನದು. ವಯಸ್ಸಾದ ಇಲಿಗಳನ್ನು ಹಾಲು ಬೆರೆಸಿದ ನೀರಿನ ದುಂಡನೆಯ ತೊಟ್ಟಿಯಲ್ಲಿ ಬಿಡುವುದು. ನೀರಿನ ಅಡಿಯಲ್ಲಿ ಒಂದು ಕಡೆ ಸಣ್ಣ ಕಟ್ಟೆಯಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದೆಲ್ಲಿತ್ತೆಂಬ ನೆನಪು ಉಳಿದಿದ್ದರೆ ಇಲಿ ಬೇಗ ಹೋಗಿ ಅದನ್ನು ಹತ್ತುತ್ತದೆ, ಮರೆತಿದ್ದರೆ ಸುತ್ತುತ್ತಲೇ ಇರುತ್ತದೆ. ಅವಳ ಬಳಿ ಎರಡು ಔಷಧಗಳಿದ್ದವು. ನಲವತ್ತೆಂಟು ಇಲಿಗಳನ್ನು ನಾಲ್ಕು ಗುಂಪು ಮಾಡಿದಳು: ಒಂದಕ್ಕೆ ಯಾವ ಔಷಧವೂ ಇಲ್ಲ, ಒಂದಕ್ಕೆ ಮೊದಲನೆಯದು, ಒಂದಕ್ಕೆ ಎರಡನೆಯದು, ಒಂದಕ್ಕೆ ಎರಡೂ. ಬಾಲದ ಮೇಲೆ ಕಪ್ಪು ಶಾಯಿಯಿಂದ ಒಂದು, ಎರಡು, ಮೂರು, ನಾಲ್ಕು ಗೆರೆ ಎಳೆದಳು. ಯಾವ ಗೆರೆಗೆ ಯಾವ ಔಷಧ ಎನ್ನುವುದು ಗುಟ್ಟು. ಅವಳ ಗೈಡ್ ಸರ್‌ಗೂ ಗೊತ್ತಿರಲಿಲ್ಲ, ಗಡಿಯಾರ ಹಿಡಿದು ಸೆಕೆಂಡು ಎಣಿಸುವ ಅಮೋಘನಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಅಳೆದರೆ ಮನಸ್ಸು ಒಂದು ಕಡೆ ವಾಲುತ್ತದೆ ಎಂದು ಹಾಗೆ ಮಾಡುತ್ತಾರಂತೆ.

"ಎಲ್ಲಾ ಇಲಿಗೂ ಎರಡೆರಡು ಸೂಜಿ ಯಾಕ ಚುಚ್ಚತಿ? ಔಷಧ ಇಲ್ಲದವಕ್ಕೂ ಚುಚ್ಚತೀಯಲ್ಲ?" ರಂಗೂಬಾಯಿ ಒಂದು ದಿನ ಕೇಳಿದಳು.

"ಅವಕ್ಕ ಬರೇ ಉಪ್ಪುನೀರು ಮೌಶಿ. ಸೂಜಿ ನೋವು ಎಲ್ಲಾದಕ್ಕೂ ಒಂದ ಥರ ಇರಬೇಕು. ಇಲ್ಲಂದ್ರ ಹೋಲಿಸಲಿಕ್ಕೆ ಬರೂದಿಲ್ಲ."

"ಎರಡೂ ಔಷಧ ಯಾವಕ್ಕ?"

"ಮೂರು ಗೆರಿ ಇದ್ದವಕ್ಕ," ಎಂದಳು ಸುರಭಿ, ಸೂಜಿ ತೊಳೆಯುತ್ತ.

ಪಾಪ, ಎರಡೂ ವಿಷ ಇವುಗಳ ಹೊಟ್ಟೆಗೇ ಎಂದು ರಂಗೂಬಾಯಿಗೆ ಮರುಕವಾಯಿತು. ಮರುದಿನದಿಂದ ಗೋಗ್ರಾಸವೆಲ್ಲ ಮೂರು ಗೆರೆಯವಕ್ಕೆ. ಹನ್ನೆರಡನ್ನೂ ಒಂದೊಂದಾಗಿ ಮಡಿಲಿಗೆ ತೆಗೆದುಕೊಂಡು, ಕಿವಿಯ ಹಿಂದೆ ಸವರಿ, ರೊಟ್ಟಿಯ ಚೂರು ತಿನ್ನಿಸಿ, "ಆತು, ಇವತ್ತಿಂದ ಮುಗೀತು, ಇನ್ನ ಮಲಕೋ" ಎಂದು ಬಿಡುತ್ತಿದ್ದಳು. ಎಂಟು ವಾರ ಒಂದು ದಿನವೂ ತಪ್ಪಿಸಲಿಲ್ಲ.

ಎಂಟು ವಾರವಾದ ಮೇಲೆ ಸುರಭಿ ಪೇಡೆಯ ಪೊಟ್ಟಣ ಹಿಡಿದುಕೊಂಡು ಇಲಿಮನೆಗೆ ಓಡಿ ಬಂದಳು.

"ಮೌಶಿ, ಮೊದಲನೇ ಔಷಧ ಕೊಟ್ಟವು ನಾಕು ಸೆಕೆಂಡ್ ಬೇಗ ಕಟ್ಟಿ ಹತ್ತ್ಯಾವ. ಎರಡನೇದು ಕೊಟ್ಟವು ಐದು ಸೆಕೆಂಡ್. ಎರಡೂ ಕೊಟ್ಟವು ಎಷ್ಟು ಬೇಗ ಹತ್ತಬೇಕು ಹೇಳ್ರಿ?"

"ಒಂಬತ್ತು."

"ಇಪ್ಪತ್ತೆರಡು!" ಹುಡುಗಿ ಪೊಟ್ಟಣವನ್ನು ಅವಳ ಕೈಗೆ ತುರುಕಿದಳು. "ಕೂಡಿಸಿದ್ರ ಬರೋ ಲೆಕ್ಕ ಅಲ್ಲ ಇದು. ಬ್ಯಾರೆ ಬ್ಯಾರೆ ಇದ್ದಾಗ ಏನೂ ಇಲ್ಲ, ಕೂಡಿದಾಗ ಹೊಸದ ಏನೋ ಹುಟ್ಟಿಕೊಳ್ತದ. ಇಂಥಾದ್ದು ಸಿಗೋದು ಭಾಳ ಅಪರೂಪ ಮೌಶಿ."

ರಂಗೂಬಾಯಿ ಪೇಡೆ ಬಾಯಿಗೆ ಹಾಕಿಕೊಂಡು ಯೋಚಿಸಿದಳು. "ಅರಿಶಿಣಕ್ಕ ಸುಣ್ಣ ಹಾಕಿದರ ಕೆಂಪ ಆಗತೈತೆಲ್ಲ, ಹಂಗೇನು? ಅರಿಶಿಣಾನೂ ಕೆಂಪಿಲ್ಲ, ಸುಣ್ಣಾನೂ ಕೆಂಪಿಲ್ಲ."

ಸುರಭಿ ಅವಳನ್ನು ತಬ್ಬಿಕೊಂಡಳು. ಸರ್‌ಗೆ ಎರಡು ವರ್ಷದಿಂದ ಅರ್ಥವಾಗದ್ದು ನಿಮಗೆ ಒಂದು ಪೇಡೆಯಲ್ಲಿ ಅರ್ಥವಾಯಿತು ಎಂದಳು. ಸರ್ ಇದನ್ನು ಲೇಖನವಾಗಿ ಬರೆದು ದೊಡ್ಡ ಪತ್ರಿಕೆಗೆ ಕಳಿಸೋಣ ಎಂದರಂತೆ, ಆದರೆ ಒಮ್ಮೆ ಮಾಡಿದ್ದು ಸಾಲದು, ಮತ್ತೊಮ್ಮೆ ಮಾಡಿ ತೋರಿಸು ಎಂದರಂತೆ.

ಆ ಮತ್ತೊಮ್ಮೆ ಶುರುವಾಗುವ ಹಿಂದಿನ ವಾರವೇ ರಂಗೂಬಾಯಿ ಸ್ವಾರಗೇಟಿನಲ್ಲಿ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಎರಡೂವರೆ ತಿಂಗಳು ಮನೆಯಲ್ಲಿ ಕೂತಳು. ಕೈಗೆ ಪ್ಲಾಸ್ಟರು, ಎದುರಿಗೆ ಮಾತುಮಾತಿಗೆ "ಬಾಯಿ, ನೀವ್ಯಾರು?" ಎಂದು ಕೇಳುವ ಗಂಡ. ವಿಶ್ರಾಂತಿ ಸಿಕ್ಕಿತೆಂದು ಲೀಲಾಕ್ಷಿ ಹೇಳಿದಾಗ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮರಳಿ ಕೆಲಸಕ್ಕೆ ಹೋದ ದಿನ ಸುರಭಿಯನ್ನು ನೋಡಿ ಅವಳು ಬಾಗಿಲಲ್ಲೇ ನಿಂತಳು. ಹುಡುಗಿ ಅರ್ಧ ಇಳಿದು ಹೋಗಿದ್ದಳು. ಎರಡನೆಯ ಪ್ರಯೋಗ ಕೈಕೊಟ್ಟಿತ್ತು. ಮೊದಲನೆಯ ಔಷಧಕ್ಕೆ ಮೂರು ಸೆಕೆಂಡು, ಎರಡನೆಯದಕ್ಕೆ ನಾಲ್ಕು, ಎರಡೂ ಸೇರಿದ್ದಕ್ಕೆ ಆರು. ಕೂಡಿಸಿದರೆ ಬರಬೇಕಾದ ಏಳೂ ಬರಲಿಲ್ಲ. ಸರ್ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದರು. ಮೊದಲ ಸಲದ ಲೆಕ್ಕವನ್ನು ಇವಳೇ ತಿದ್ದಿದ್ದಾಳೆ ಎಂದು ಕ್ಯಾಂಟೀನಿನಲ್ಲಿ ಗುಸುಗುಸು ಎದ್ದಿತ್ತು. ಮೂರನೆಯ ಸಲ ಮಾಡಲು ಅವಕಾಶ ಕೊಟ್ಟಿದ್ದರು, ಅದೇ ಕಡೆಯದು. ಅದೂ ಕೆಟ್ಟರೆ ಜೂನಿನಲ್ಲಿ ವಿದ್ಯಾರ್ಥಿವೇತನ ಮುಗಿದಂತೆ ಪಿಎಚ್‌ಡಿಯೂ ಮುಗಿದಂತೆ.

ಸುರಭಿ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದಳು. ಮೊದಲನೆಯ ಪ್ರಯೋಗಕ್ಕೂ ಎರಡನೆಯದಕ್ಕೂ ನಡುವೆ ಬದಲಾದದ್ದೆಲ್ಲ ಅದರಲ್ಲಿತ್ತು. ಒಂದೊಂದನ್ನೂ ಬೆರಳಿಟ್ಟು ರಂಗೂಬಾಯಿಗೆ ಹೇಳಿದಳು.

"ಕಾಳಿನ ಕಂಪನಿ ಬದಲಾಗಿತ್ತು. ಹೊಟ್ಟು ಬ್ಯಾರೆ ಗಿರಣಿದು. ಮೊದಲನೇದು ಮಳೆಗಾಲದಾಗ ಆಗಿತ್ತು, ಇದು ಚಳಿಗಾಲದಾಗ. ಔಷಧದ ಬಾಟಲಿ ಹೊಸಾದು. ಎಸಿ ಎರಡು ದಿನ ಕೆಟ್ಟಿತ್ತು. ಈ ಸಲ ಎಲ್ಲಾ ಮೊದಲಿನಂಗ ಮಾಡ್ತೀನಿ ಮೌಶಿ. ಅದ ಕಾಳು, ಅದ ಹೊಟ್ಟು, ಅವ ಗೆರಿ. ಕೂದಲೆಳಿಯಷ್ಟೂ ಬದಲಾಗಬಾರದು."

ರಂಗೂಬಾಯಿ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಇಂಗ್ಲಿಷಿನ ಅಕ್ಷರ ಬಾರದಿದ್ದರೂ ಹುಡುಗಿ ಓದಿದ್ದನ್ನೆಲ್ಲ ಕೇಳಿದ್ದಳು. ಹದಿನಾಲ್ಕು ಸಾಲು. ಅದರಲ್ಲಿ, ರಂಗೂಬಾಯಿ ಆ ಎರಡೂವರೆ ತಿಂಗಳು ಇರಲಿಲ್ಲ ಎಂಬ ಸಾಲು ಇರಲಿಲ್ಲ.

ಅವಳಿಗೆ ತಕ್ಷಣ ಹೊಳೆಯಿತು ಎಂದೇನಿಲ್ಲ. ಮಧ್ಯಾಹ್ನ ಒಂದಕ್ಕೆ ಕೊನೆಯ ಕಪಾಟಿನ ಬಳಿ ಕೂತು ಮೊದಲ ತುತ್ತು ತೆಗೆದಿಡುವಾಗ ಹೊಳೆಯಿತು. ರೊಟ್ಟಿಯ ಚೂರು ಕೈಯಲ್ಲೇ ಉಳಿಯಿತು. ಇಲಿಗಳು ಹಾಗೆ ಕಟ್ಟೆ ಹತ್ತಿದ್ದು ಔಷಧದಿಂದಲೋ, ಈ ಕೈಯಿಂದಲೋ? ಹದಿನೆಂಟು ವರ್ಷ ಇಲಿ ಹಿಡಿದವಳಿಗೆ ಒಂದಂತೂ ಗೊತ್ತಿತ್ತು. ಕೈ ಕಂಡ ಇಲಿ ಹೆದರುವುದಿಲ್ಲ, ಹೆದರಿದ ಇಲಿ ನೀರಿನಲ್ಲಿ ಬರೀ ಗೋಡೆ ಗೋಡೆ ಸುತ್ತುತ್ತದೆ.

ಮೂರನೆಯ ಪ್ರಯೋಗ ಸೋಮವಾರ ಶುರುವಾಯಿತು. ಮೂರು ಗೆರೆಯ ಹನ್ನೆರಡು ಇಲಿಗಳು ಅದೇ ಕಪಾಟಿನಲ್ಲಿ ಕೂತಿದ್ದವು. ಏನೂ ಹೇಳದೆ, ಹಿಂದೆ ಮಾಡಿದಂತೆಯೇ ಮಾಡಿಬಿಟ್ಟರೆ ಮುಗಿಯಿತು. ಇಪ್ಪತ್ತೆರಡು ಸೆಕೆಂಡು ಬರುತ್ತದೆ, ಸರ್ ಬೆನ್ನು ತಟ್ಟುತ್ತಾರೆ, ಹುಡುಗಿಯ ಕಣ್ಣಿನ ಕೆಳಗಿನ ಕಪ್ಪು ಹೋಗುತ್ತದೆ. ಹೇಳಿಬಿಟ್ಟರೆ? ನಿಯಮ ಮುರಿದದ್ದಕ್ಕೆ ತನ್ನ ಗುತ್ತಿಗೆ ಹೋದೀತು, ಅದಿರಲಿ. ಹುಡುಗಿಯ ಮೊದಲನೆಯ ಪ್ರಯೋಗವೂ ಹೋಗುತ್ತದೆ, ಅವಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎಲ್ಲ ಮೊದಲಿನಂತೆ ಇರಬೇಕು ಎಂದು ಅವಳೇ ಹೇಳಿದ್ದಾಳಲ್ಲ! ರಂಗೂಬಾಯಿ ಸೋಮವಾರ ತಿನ್ನಿಸಿದಳು. ಮಂಗಳವಾರ ತಿನ್ನಿಸಿದಳು. ಬುಧವಾರವೂ ತಿನ್ನಿಸಿದಳು. ಮುರಿದು ಕೂಡಿದ ಮಣಿಕಟ್ಟು ಜುಮುಜುಮು ನೋಯುತ್ತಿತ್ತು.

ಬುಧವಾರ ಸಂಜೆ ಮನೆಗೆ ಹೋದಾಗ ಕೃಷ್ಣಾಜಿ ಬಾಗಿಲಲ್ಲೇ ನಿಂತಿದ್ದ. ಅಂಗಿಯ ಗುಂಡಿಗಳೆಲ್ಲ ಅಡ್ಡಾದಿಡ್ಡಿ.

"ಪಾಳಿಗೆ ಹೊತ್ತಾತು. ಬಸ್ ಬಂತೇನು?" ಎಂದು ಕೇಳಿದ. ಕೆಲಸ ಬಿಟ್ಟು ಆರು ವರ್ಷವಾಗಿತ್ತು.

"ಬಂದಿಲ್ಲ. ಒಳಗ ಬರ್ರಿ."

ಅವಳು ಗುಳಿಗೆಯನ್ನು ಬಟ್ಟಲಲ್ಲಿಟ್ಟು, ನೀರಿನ ತಂಬಿಗೆಯನ್ನು ಪಕ್ಕಕ್ಕಿಟ್ಟು, "ಗುಳಿಗಿ ತಗೋರಿ" ಎಂದು ಒಳಗಿನಿಂದಲೇ ಕೂಗಿ ಒಲೆ ಹಚ್ಚಿದಳು. ಕೂಗುವಾಗಲೇ ಅವಳಿಗೆ ಒಂದು ಸಂಕಟ ಶುರುವಾಯಿತು. ಸುರಭಿಯ ಔಷಧ ಹೊರಗೆ ಬರುವುದು ಇಂಥವರಿಗಾಗಿಯೇ. ಎರಡೂ ಕೂಡಿಸಿ ಕೊಟ್ಟರೆ ನೆನಪು ಮರಳುತ್ತದೆ ಎಂದು ಆಗ ಡಾಕ್ಟರರು ಹೇಳುತ್ತಾರೆ. ನನ್ನಂಥವಳೊಬ್ಬಳು ಎಲ್ಲೋ ಒಂದು ಊರಿನಲ್ಲಿ ಬಳೆ ಒತ್ತೆಯಿಟ್ಟಾದರೂ ಆ ಎರಡು ಔಷಧ ತಂದು, ಹೀಗೆಯೇ ಬಟ್ಟಲಲ್ಲಿಟ್ಟು, ನಾಳೆ ಇವರು ನನ್ನ ಹೆಸರು ಹಿಡಿದು ಕರೆದಾರು ಎಂದು ಕಾಯುತ್ತ ಕೂರುತ್ತಾಳೆ. ಅವಳ ಕಾಯುವಿಕೆಗೆ ಜವಾಬು ಕೊಡುವವರು ಯಾರು? ಒಲೆಯ ಮೇಲಿನ ಬೇಳೆ ತಳ ಹತ್ತಿದ್ದು ಅವಳಿಗೆ ಗೊತ್ತಾಗಲಿಲ್ಲ.

ಗುರುವಾರ ಬೆಳಿಗ್ಗೆ ಸುರಭಿ ಸೂಜಿಗೆ ಔಷಧ ತುಂಬುತ್ತಿರುವಾಗ ರಂಗೂಬಾಯಿ ಅವಳ ಎದುರು ಸ್ಟೂಲಿನ ಮೇಲೆ ಕೂತಳು. ಹದಿನೆಂಟು ವರ್ಷದಲ್ಲಿ ಅವಳು ಆ ಸ್ಟೂಲಿನ ಮೇಲೆ ಕೂತದ್ದು ಅದೇ ಮೊದಲು.

"ಸುರಭಿ, ಸೂಜಿ ಕೆಳಗಿಡು. ನಿನ್ನ ಹಾಳ್ಯಾಗ ಒಂದು ಮಾತು ಬಿಟ್ಟಿ."

ಹೇಳಿದಳು. ಗೋಗ್ರಾಸ, ಮೂರು ಗೆರೆ, ಮಡಿಲು, ಶೇಂಗಾ ಚಟ್ನಿ, ತಾನು ಮನೆಯಲ್ಲಿ ಕೂತ ಎರಡೂವರೆ ತಿಂಗಳು, ಈ ವಾರದ ಮೂರು ದಿನ, ಎಲ್ಲ ಹೇಳಿದಳು. ಸುರಭಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಯಾರ್ ಹೇಳಿದ್ರು ನಿಮಗ ಇಲಿಗೆ ರೊಟ್ಟಿ ಹಾಕ್ರಿ ಅಂತ? ಯಾರ್ ಹೇಳಿದ್ರು?" ಅವಳು ಕೂಗಿದಳು. "ನಾ ಊಟ ಬಿಟ್ಟೆ, ನಿದ್ದಿ ಬಿಟ್ಟೆ, ನಮ್ಮ ಅಣ್ಣನ ಮದುವಿಗೂ ಹೋಗಲಿಲ್ಲ. ಜನಾ ನನಗ ಕಳ್ಳಿ ಅಂದ್ರು. ನೀವು ಇಲ್ಲೆ ಕೂತು ರೊಟ್ಟಿ ತಿನ್ನಿಸ್ಲಿಕತ್ತಿದ್ರಿ!"

ರಂಗೂಬಾಯಿ ತಲೆ ತಗ್ಗಿಸಿ ಕೂತಿದ್ದಳು. ಸುರಭಿ ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಅತ್ತಳು. ಆಮೇಲೆ ತನಗೆ ತಾನೇ ಎಂಬಂತೆ ನಿಧಾನವಾಗಿ ಮಾತಾಡಿದಳು.

"ಸರ್‌ಗೆ ಹೇಳಲಿಲ್ಲ. ಅಮೋಘಗ ಹೇಳಲಿಲ್ಲ. ಎಲ್ಲಾರಿಂದ ಮುಚ್ಚಿಟ್ಟು ನಿಮಗೊಬ್ಬರಿಗೆ ಹೇಳಿದೆ. ಯಾಕಂದ್ರ ನೀವು..." ಅಲ್ಲಿಗೆ ನಿಲ್ಲಿಸಿದಳು.

"ಯಾಕಂದ್ರ ನನ್ನ ಲೆಕ್ಕಕ್ಕ ಹಿಡದಿರಲಿಲ್ಲ," ಎಂದಳು ರಂಗೂಬಾಯಿ. ಸಿಟ್ಟಿನಿಂದಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೇ. ಸುರಭಿ ಅವಳ ಮುಖ ನೋಡಲಾರದೆ ಎದ್ದು ಹೋದಳು.

ನಾಲ್ಕು ದಿನ ಆ ಹುಡುಗಿ ಇಲಿಮನೆಯ ಕಡೆ ಸುಳಿಯಲಿಲ್ಲ. ರಂಗೂಬಾಯಿ ದಿನವೂ ಮಧುಕರ ಕರೆದು ಇನ್ನು ಬರಬೇಡಿ ಎನ್ನುತ್ತಾನೆಂದು ಕಾದಳು. ಐದನೆಯ ದಿನ ಸುರಭಿ ಬಂದಳು, ಅವಳ ಹಿಂದೆ ಸರ್ ಬಂದರು. ಸರ್ ಎಂದೂ ಆ ಬಾಗಿಲು ದಾಟಿದವರಲ್ಲ. ಮೂಗಿಗೆ ಕರವಸ್ತ್ರ ಹಿಡಿದುಕೊಂಡು ನಿಂತು ಮರಾಠಿಯಲ್ಲಿ ಕೇಳಿದರು: ಎಷ್ಟು ಹೊತ್ತು ಹಿಡಿದುಕೊಳ್ಳುತ್ತಿದ್ದಿರಿ ಮಾವಶಿ, ಒಂದು ಇಲಿಗೆ? ಯಾವ ಕೈ? ರೊಟ್ಟಿ ಎಷ್ಟು? ರಂಗೂಬಾಯಿ ಮಡಿಲಿಗೆ ಒಂದು ಇಲಿ ತೆಗೆದುಕೊಂಡು ತೋರಿಸಿದಳು. ಸರ್ ಗಡಿಯಾರ ನೋಡಿದರು. ನಾಲ್ಕು ನಿಮಿಷ. ಅದನ್ನು ಬರೆದುಕೊಂಡು, ನಿಯಮ ಮುರಿದದ್ದಕ್ಕೆ ಒಂದು ಮಾತೂ ಬೈಯದೆ ಹೊರಟು ಹೋದರು.

ಮೂರನೆಯ ಪ್ರಯೋಗವನ್ನು ಅಲ್ಲಿಗೇ ಬಿಟ್ಟು ಹೊಸ ಇಲಿಗಳನ್ನು ತರಿಸಿದರು. ಈಗ ನಾಲ್ಕಲ್ಲ, ಎಂಟು ಗುಂಪು. ಔಷಧದ ನಾಲ್ಕು ಬಗೆಯಲ್ಲೂ ಅರ್ಧದಷ್ಟು ಇಲಿಗಳನ್ನು ರಂಗೂಬಾಯಿ ಮಡಿಲಿಗೆ ತೆಗೆದುಕೊಳ್ಳಬೇಕು, ಉಳಿದರ್ಧವನ್ನು ಮುಟ್ಟಬಾರದು. ಯಾವುದಕ್ಕೆ ಯಾವ ಔಷಧ ಎಂಬುದನ್ನು ಈ ಸಲ ಅವಳಿಂದಲೂ ಮುಚ್ಚಿಟ್ಟರು. ಡಬ್ಬಿಯ ಮೇಲೆ ಹಸಿರು ಚೀಟಿ ಇದ್ದರೆ ತೆಗೆದುಕೊಳ್ಳುವುದು, ಇಲ್ಲದಿದ್ದರೆ ಇಲ್ಲ. ಒಂದಕ್ಕೆ ನಾಲ್ಕು ನಿಮಿಷ, ಇಪ್ಪತ್ತನಾಲ್ಕು ಇಲಿ. ಜೂನು ಬಂತು, ಸುರಭಿಯ ವಿದ್ಯಾರ್ಥಿವೇತನ ನಿಂತಿತು. ಅವಳು ಕೋಥರೂಡದ ಖೋಲಿ ಬಿಟ್ಟು ಗೆಳತಿಯೊಬ್ಬಳ ಹಾಸ್ಟೆಲಿನಲ್ಲಿ ನೆಲದ ಮೇಲೆ ಮಲಗಿಕೊಂಡು ದಿನ ತೆಗೆದಳು. ಆದರೂ ನಿಲ್ಲಿಸಲಿಲ್ಲ.

ಆ ಎಂಟು ವಾರ ರಂಗೂಬಾಯಿಗೆ ಹದಿನೆಂಟು ವರ್ಷಕ್ಕಿಂತ ಉದ್ದವಾದವು. ಕನಿಕರ ಬಂದಾಗ ತೆಗೆದುಕೊಳ್ಳುವುದು ಬೇರೆ, ಗಡಿಯಾರ ನೋಡಿಕೊಂಡು ತೆಗೆದುಕೊಳ್ಳುವುದು ಬೇರೆ. ಹದಿನೈದನೆಯ ಇಲಿಯ ಹೊತ್ತಿಗೆ ಮಣಿಕಟ್ಟು ಸಿಡಿಯುತ್ತಿತ್ತು. ಅದಕ್ಕಿಂತ ಕಷ್ಟವಾದದ್ದು ಚೀಟಿಯಿಲ್ಲದ ಡಬ್ಬಿಗಳು. ಚಟ್ನಿಯ ವಾಸನೆ ಹಿಡಿದು ಆ ಇಲಿಗಳು ಹಿಂಗಾಲ ಮೇಲೆ ಎದ್ದು ನಿಂತು, ತಂತಿಗೆ ಮೂತಿ ಒತ್ತಿ ಕಾಯುತ್ತಿದ್ದವು. ಒಂದಕ್ಕಂತೂ ಒಂದು ಕಿವಿ ಹರಿದಿತ್ತು, ಅದು ಕೊನೆಯ ದಿನದವರೆಗೂ ಕಾಯುವುದನ್ನು ಬಿಡಲಿಲ್ಲ. ಅವಳು ಅದರ ಕಡೆ ಬೆನ್ನು ಮಾಡಿ ಕೂತು ಉಣ್ಣಲು ಕಲಿತಳು.

ಆಗಸ್ಟಿನ ಕೊನೆಗೆ ಲೆಕ್ಕ ಬಂತು. ಸುರಭಿ ಈ ಸಲ ಪೇಡೆ ತರಲಿಲ್ಲ. ಹಾಳೆಯೊಂದನ್ನು ಹಿಡಿದುಕೊಂಡು ಬಂದು ರಂಗೂಬಾಯಿಯ ಪಕ್ಕ ನೆಲದ ಮೇಲೆಯೇ ಕೂತಳು.

"ಕೈ ಇಲ್ಲದ ಎರಡೂ ಔಷಧ ಕೊಟ್ಟವು, ಐದು ಸೆಕೆಂಡ್ ಬೇಗ. ಔಷಧ ಇಲ್ಲದ ಬರೇ ನಿಮ್ಮ ಕೈ, ನಾಕು ಸೆಕೆಂಡ್."

"ಕೂಡಿಸಿದರ ಒಂಬತ್ತು," ಎಂದಳು ರಂಗೂಬಾಯಿ ಬೇಸರದಿಂದ. ಮುಗಿಯಿತು ಎಂದುಕೊಂಡಳು.

"ಔಷಧಾನೂ ಇದ್ದು ಕೈನೂ ಇದ್ದವು, ಇಪ್ಪತ್ತೊಂದು."

ರಂಗೂಬಾಯಿ ತಿರುಗಿ ಹಾಳೆಯ ಕಡೆ ನೋಡಿದಳು.

"ಅಂದ್ರ ಅವತ್ತ ನಾ ಕಂಡಿದ್ದು ಸುಳ್ಳಲ್ಲ ಮೌಶಿ. ಆದ್ರ ಕೂಡಿದ್ದು ಔಷಧಕ್ಕ ಔಷಧ ಅಲ್ಲ. ಔಷಧಕ್ಕ ಕೈ. ಸರ್ ಪ್ರಬಂಧದ ಹೆಸರ ಬದಲ ಮಾಡು ಅಂದಾರ. ಮತ್ತೊಂದು ವರ್ಷ ಹಿಡೀತದ, ಆದ್ರ ಆಗ್ತದ."

"ಇದರಾಗ ನಾ ಎಲ್ಲಿ ಅದೀನಿ?" ರಂಗೂಬಾಯಿ ಹಾಳೆಯನ್ನು ಇಸಿದುಕೊಂಡಳು.

ಸುರಭಿ ಒಂದು ಕಂಬಸಾಲಿನ ಮೇಲೆ ಬೆರಳಿಟ್ಟಳು. ಸಾಲಿನುದ್ದಕ್ಕೂ ಒಂದು, ಸೊನ್ನೆ, ಒಂದು, ಸೊನ್ನೆ. "ಒಂದು ಅಂತ ಬರೆದಲ್ಲೆಲ್ಲಾ ನೀವು. ಹೆಸರು ಹಾಕೂ ಪದ್ಧತಿ ಇಲ್ಲ್ರಿ."

"ಇರಲಿ ಬಿಡು. ಹಾಳ್ಯಾಗ ಬಂದೆನಲ್ಲ." ಹಾಳೆಯನ್ನು ಮರಳಿ ಕೊಡುತ್ತ ಕೇಳಿದಳು. "ಹಂಗಾರ ಸುರಭಿ, ಕೈ ಇಲ್ಲದ ಬರೇ ಗುಳಿಗಿ ಕೊಟ್ಟರ, ಅದು ಕೊಟ್ಟಂಗ ಅಲ್ಲೇನು?"

"ಇಲಿ ಮ್ಯಾಲಿಂದು ಮನುಷ್ಯಾರಿಗೆ ಹೇಳಲಿಕ್ಕೆ ಬರೂದಿಲ್ಲ ಮೌಶಿ. ಅಷ್ಟು ಸರಳ ಇಲ್ಲ ಅದು."

"ಗೊತ್ತೈತಿ. ಸುಮ್ಮನ ಕೇಳಿದೆ."

ಆ ಸಂಜೆ ಸ್ವಾರಗೇಟಿನಲ್ಲಿ ಬಸ್ಸು ತಡವಾಯಿತು. ಮಳೆ ಜಿನುಗುತ್ತಿತ್ತು, ಕೂರಲು ಜಾಗವಿರಲಿಲ್ಲ, ಮೊಣಕಾಲು ಕಿತ್ತು ಬರುತ್ತಿತ್ತು. ಏಳೂವರೆಗೆ ಮನೆ ಮುಟ್ಟಿದಳು. ಕೃಷ್ಣಾಜಿ ಗೋಡೆಗೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದ. ಲೀಲಾಕ್ಷಿ ಕಳಿಸಿದ್ದ ಪಲ್ಯ ಮುಚ್ಚಿಟ್ಟಿತ್ತು, ಬೆಳಗಿನ ರೊಟ್ಟಿ ಉಳಿದಿತ್ತು. ರಂಗೂಬಾಯಿ ಗುಳಿಗೆಯ ಬಟ್ಟಲು ತೆಗೆದುಕೊಂಡಳು. ಎಂದಿನಂತೆ ಅದನ್ನು ಮಂಚದ ತುದಿಗಿಟ್ಟು ಒಳಗೆ ಹೋಗಲು ಎರಡು ಹೆಜ್ಜೆ ಇಟ್ಟವಳು ನಿಂತಳು. ಕಿವಿ ಹರಿದ ಆ ಇಲಿಯ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದಾಗ ಆಗುತ್ತಿದ್ದ ಸಂಕಟವೇ ಈಗಲೂ ಆಯಿತು. ನಾಲ್ಕು ವರ್ಷದಿಂದ ಈ ಮನುಷ್ಯನಿಗೆ ತಾನು ಕೊಡುತ್ತ ಬಂದದ್ದು ಬಟ್ಟಲಿನ ಗುಳಿಗೆ ಮತ್ತು ಒಳಗಿನಿಂದ ಒಂದು ಕೂಗು. ಇಲಿಮನೆಯಲ್ಲಿ ಖರ್ಚಾಗಿ ಉಳಿದ ಕನಿಕರ ಮನೆಗೆ ಬರುತ್ತಿತ್ತು, ಉಳಿಯುತ್ತಿದ್ದದ್ದು ಏನೂ ಇರಲಿಲ್ಲ. ಅವಳಿಗೆ ತುಂಬ ನಾಚಿಕೆಯಾಯಿತು.

ತಾಟಿನಲ್ಲಿ ರೊಟ್ಟಿ ಹಾಕಿಕೊಂಡು ಬಂದು ಅವನ ಪಕ್ಕ ಕೂತಳು. ಗುಳಿಗೆಯನ್ನು ತನ್ನ ಕೈಯಿಂದಲೇ ಬಾಯಿಗೆ ಹಾಕಿ ನೀರು ಕುಡಿಸಿದಳು. ಆಮೇಲೆ ಮೊದಲ ತುತ್ತು ಮುರಿದು, ಚಟ್ನಿ ಹಚ್ಚಿ, ಅವನ ಅಂಗೈಯಲ್ಲಿಟ್ಟಳು. ಇನ್ನೊಂದು ಕೈ ತಾನಾಗಿ ಅವನ ಕಿವಿಯ ಹಿಂದೆ ಹೋಯಿತು. ಅವನು ಬೆದರಿ ತಿರುಗಿ ನೋಡಿದ, ಆಮೇಲೆ ತಲೆಯನ್ನು ಅವಳ ಕೈಗೆ ಒರಗಿಸಿದ.

"ಬಾಯಿ, ನೀವು ಯಾರ ಪೈಕಿ?"

"ನಿಮ್ಮ ಪೈಕೀನ. ಉಣ್ರಿ."

ಅವನು ನಿಧಾನವಾಗಿ ಅಗಿದ. ನೆನಪೇನೂ ಬರಲಿಲ್ಲ, ಬರುತ್ತದೆಂದು ಅವಳೂ ಅಂದುಕೊಂಡಿರಲಿಲ್ಲ. ಎಂಟು ವಾರದ ಅಭ್ಯಾಸದಿಂದ ನಾಲ್ಕು ನಿಮಿಷ ಮುಗಿದದ್ದು ಗಡಿಯಾರ ನೋಡದೆಯೇ ಅವಳಿಗೆ ತಿಳಿಯಿತು. ಎದ್ದು ಅನ್ನಕ್ಕಿಡಬೇಕಿತ್ತು. ಏಳಲು ಮೈಯಲ್ಲಿ ಶಕ್ತಿಯೇ ಇರಲಿಲ್ಲ, ಕೈಯನ್ನು ಅಲ್ಲಿಯೇ ಬಿಟ್ಟು ಕೂತಳು.